ಮಾತು ಮೊದಲು, ನೀರು ಆಮೇಲೆ

ಹುಣಸೆಕಟ್ಟೆ, ಬಾಗೂರು ಹೋಬಳಿ
೧೨ ಡಿಸೆಂಬರ್ ೧೯೬೦

ವಕೀಲರಾದ ಶ್ರೀ ಪಾಲಾಕ್ಷನವರಿಗೆ, ಹಾಸನ.

ಕೊಟ್ಟ ಮಾತುಗಳು ಇವು. ಕೆಳಗಿನ ಕೇರಿಗೆ ಕಲ್ಲು ಕಟ್ಟಿದ ಸೇದುವ ಬಾವಿ, ಬೇಸಿಗೆಗೆ ಮುಂಚೆ. ಕೇರಿಯಿಂದ ಶಾಲೆಯವರೆಗೆ ಮಣ್ಣು ಹಾಕಿದ ದಾರಿ. ಯಾರು ಯಾರಿಗೆ ಓಟು ಹಾಕಿದರೂ ಕೆಲಸದಲ್ಲಿ ಭೇದವಿಲ್ಲ. ಮೂರನ್ನೂ ನಿಮ್ಮ ಸೋದರಮಾವ ರುದ್ರಯ್ಯನವರು ನಮ್ಮ ಅರಳಿಕಟ್ಟೆಯ ಮೇಲೆ ನಿಂತು ಹೇಳಿದರು. ಪಕ್ಕದಲ್ಲಿ ನೀವಿದ್ದಿರಿ.

ತಪ್ಪಿಸಿದ್ದು ಇವು. ತಾಲ್ಲೂಕು ಬೋರ್ಡಿನ ಚುನಾವಣೆ ಗೆದ್ದ ಮಾರನೇ ವಾರವೇ ಬಾವಿ ತೋಡುವ ಆಳುಗಳು ಹಾರೆ, ಸನಿಕೆ, ಪುಟ್ಟಿ ಹೊತ್ತುಕೊಂಡು ಹೋದರು. ಎರಡಾಳುದ್ದ ತೋಡಿದ ಗುಂಡಿ ಬಾಯಿ ಬಿಟ್ಟುಕೊಂಡು ಬಿದ್ದಿದೆ. ದಾರಿಗೆಂದು ಸುರಿದಿದ್ದ ಮಣ್ಣನ್ನು ಗಾಡಿಗೆ ತುಂಬಿಸಿ ವಾಪಸ್ ಸಾಗಿಸಿದರು. ಕೊಟ್ಟ ಮಣ್ಣನ್ನೂ ಕಿತ್ತುಕೊಂಡು ಹೋಗುವ ಆಡಳಿತವನ್ನು ನಾನು ಈವರೆಗೆ ನೋಡಿರಲಿಲ್ಲ. ಮೂರನೆಯ ಮಾತು ಬಾಗೂರು ಸಂತೆ ಮೈದಾನದ ವಿಜಯೋತ್ಸವದಲ್ಲಿ ಮೈಕಿನ ಮುಂದೆಯೇ ಸತ್ತಿತು.

ಆ ಸಭೆಯಲ್ಲಿ ನಾನಿದ್ದೆ. ರುದ್ರಯ್ಯನವರು ಆಡಿದ್ದು ಇಷ್ಟು, ನನ್ನದು ಒಂದಕ್ಷರ ಸೇರಿಲ್ಲ: "ಎಲ್ಲಾ ಊರಿನ ಪೆಟ್ಟಿಗೆಗಳೂ ನಗ್ತಾ ಬಂದ್ವು. ಹುಣಸೆಕಟ್ಟೆ ಎರಡನೇ ಪೆಟ್ಟಿಗೆ ಒಂದು ಅಳ್ತಾ ಬಂತು. ಅದು ಕೇರಿ ಪೆಟ್ಟಿಗೆ ಅಂತ ಎಲ್ರಿಗೂ ಗೊತ್ತು. ತೆಂಗಿನ ಸುಳಿಗೆ ಹುಳ ಹೊಕ್ಕಿದ್ರೆ ಏನ್ರಪ್ಪಾ ಮಾಡ್ತೀರಿ? ಕೊಕ್ಕೆ ಹಾಕಿ ಎಳ್ದು ಬಿಸಾಕ್ತೀರೋ, ಬಾವಿ ತೋಡಿಸಿ ನೀರು ಕುಡಿಸ್ತೀರೋ?"

ಮೈದಾನ ನಕ್ಕಿತು. ತೆಂಗಿನ ನಾಡಿನವರಿಗೆ ಎಳೆಸುಳಿ ಕೊರೆದು ಮರವನ್ನೇ ಕೊಲ್ಲುವ ಸುಳಿಹುಳ ಅಂದರೇನೆಂದು ವಿವರಿಸಬೇಕಿಲ್ಲ. ಎರಡನೇ ಕುರ್ಚಿಯಲ್ಲಿ ನೀವು ಕೂತಿದ್ದಿರಿ. ನೀವು ನಗಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಕೈಗಡಿಯಾರ ನೋಡಿಕೊಂಡಿರಿ.

ದಾರಿಗೆ ಕಾಯುತ್ತೇವೆ. ನಮಗೆ ಈಗ ಬೇಕಾದದ್ದು ಎರಡು. ಬಾವಿ ಮುಗಿಯಬೇಕು. ಆಡಿದ ಮಾತನ್ನು ಆಡಿದ ಜಾಗದಲ್ಲೇ ವಾಪಸ್ ತೆಗೆದುಕೊಳ್ಳಬೇಕು. ಇದು ಅರ್ಜಿಯಲ್ಲ.

ಇತಿ,
ಕೆಂಚಯ್ಯ
ಕಾರ್ಯದರ್ಶಿ, ಕೃಷಿ ಕೂಲಿಗಾರರ ಸಂಘ


ಹಾಸನ
೨೦ ಡಿಸೆಂಬರ್ ೧೯೬೦

ಕೆಂಚ,

ನೀನು ನನಗೆ 'ನೀವು' ಅಂದು ಬರೆದ ಮೊದಲ ಕಾಗದ ಇದು. ಹೈಸ್ಕೂಲಿನಲ್ಲಿ ಒಂದೇ ಬೆಂಚು ಸವೆಸಿದವರು ನಾವು. ನಲವತ್ತೇಳರ ಚಳವಳಿಯಲ್ಲಿ ಪೊಲೀಸರ ಒಂದೇ ಲಾರಿ ಹತ್ತಿದವರು. ಬೈಯುವುದಿದ್ದರೆ ಏಕವಚನದಲ್ಲೇ ಬೈಯಿ. ನನಗೆ ಅಭ್ಯಾಸವಿದೆ.

ಭಾಷಣ ನಾನೇ ಬರೆದುಕೊಟ್ಟೆ, ನಿಜ. ಅದರಲ್ಲಿ ಮತದಾರರಿಗೆ ಕೃತಜ್ಞತೆ ಇತ್ತು, ಯೋಜನೆಗಳ ವಿವರ ಇತ್ತು. ಹುಳ ಇರಲಿಲ್ಲ. ಮಾವ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ಜನ ನಗುತ್ತಾರೆ ಅಂತ ಗೊತ್ತಾದರೆ ಮಾತುಗಾರನಿಗೆ ಹಾಳೆ ಯಾಕೆ ಬೇಕು?

ಗೆದ್ದವನ ನಾಲಿಗೆ ನಾಲ್ಕು ದಿನ ಸಡಿಲವಾಗಿರುತ್ತದೆ. ಅವರು ಯಾರ ಹೆಸರನ್ನೂ ಹೇಳಿಲ್ಲ, ಕಾನೂನಿನಲ್ಲಿ ಇದಕ್ಕೆ ಹಿಡಿ ಸಿಕ್ಕುವುದಿಲ್ಲ. ಸಂತೆ ಮೈದಾನದ ಮಾತು ಸಂತೆಯ ಜೊತೆ ಚದುರಿಹೋಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಬಾವಿಯ ವಿಚಾರ ನಾನು ಹದ ನೋಡಿ ಎತ್ತುತ್ತೇನೆ.

ಗಡಿಯಾರ ನೋಡಿಕೊಂಡದ್ದು ಹಾಸನದ ಕೊನೆಯ ಬಸ್ಸಿಗಾಗಿ.

ನಿನ್ನ
ಪಾಲಾಕ್ಷ


ಹುಣಸೆಕಟ್ಟೆ
೮ ಜನವರಿ ೧೯೬೧

ಪಾಲಾಕ್ಷ,

'ನೀವು' ಬಿಟ್ಟಿದ್ದೇನೆ. ಸಿಟ್ಟು ಬಿಟ್ಟಿಲ್ಲ.

ಚದುರಿಹೋಗುತ್ತದೆ ಅಂದೆಯಲ್ಲ, ಎಲ್ಲಿಗೆ ಚದುರಿತು ಕೇಳು. ಮೊದಲು ಶಾಲೆಗೆ ಬಂತು. ನಮ್ಮ ಕೇರಿಯ ಮಲ್ಲಿಗಮ್ಮನ ಮಗಳು ಒಳಗೆ ಕಾಲಿಟ್ಟರೆ ಮೇಲಿನ ಬೀದಿಯ ಮಕ್ಕಳು ಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಅವಳ ಲಂಗದ ಪಟ್ಟಿಗೆ ಸಿಕ್ಕಿಸಿ ಎಳೆಯುತ್ತಾರೆ. ಮೇಷ್ಟ್ರು ಬೈದಿದ್ದಾರೆ, ಸುಳ್ಳು ಹೇಳಬಾರದು. ಆದರೆ ಅವರೇ ನಗು ತಡೆದುಕೊಂಡು ಬೈದರಂತೆ. ಹುಡುಗಿ ಈಗ ಸ್ಲೇಟು ಹಿಡಿದು ಮನೆಯಲ್ಲೇ ಕೂತಿದೆ.

ಶಾಲೆಯಿಂದ ತೋಟಕ್ಕೆ ಹೋಯಿತು. ಚಂದ್ರಶೇಖರಯ್ಯನವರ ತೋಟದಲ್ಲಿ ಕಾಯಿ ಕೆಡವುವುದು, ಸುಲಿಯುವುದು ನಮ್ಮ ಕೇರಿಯವರ ಕೆಲಸ, ಅಜ್ಜಂದಿರ ಕಾಲದಿಂದ. ಈ ಸಲ ಕರೆ ಬರಲಿಲ್ಲ. ನಮ್ಮವ್ವ ಸಣ್ಣಕ್ಕ ಹೋಗಿ ಅಂಗಳದಲ್ಲಿ ನಿಂತು ಕೇಳಿದಳು, "ಅಯ್ಯಾ, ಕಾಯಿಗೆ ಯಾವತ್ತು ಬರಾನ?"

"ಈ ಕಿತ ಬ್ಯಾಡ ಕಣಮ್ಮಿ. ನೀವು ಬಂದ್ರೆ ಸುಳಿ ಉಳಿಯಾಕಿಲ್ಲ ಅಂತಾವ್ರೆ."

"ಯಾರು ಅಂತಾವ್ರೆ?"

"ಎಲ್ರೂ ಅಂತಾವ್ರೆ."

ಜಗುಲಿಯಲ್ಲಿ ಕೂತವರು ಕಿಸಕ್ಕೆಂದರು. ಅವ್ವ ಬಂದು ನಮಗೆ ಹೇಳಿದಾಗ ಗುಂಡಯ್ಯಜ್ಜ, ಪ್ರಾಯದಲ್ಲಿ ಇಡೀ ಹೋಬಳಿಯ ಮರ ಹತ್ತಿದವನು, ಎಲೆಯಡಿಕೆ ಉಗಿದು ಅಂದ, "ಮರ ಅತ್ತಿ ಸುಳೀಲಿ ಕೊಕ್ಕೆ ಆಕಿ ಉಳ ತೆಗ್ಯೋರೂ ನಾವೇಯ. ಈಗ ಉಳಾನೂ ನಾವೇ ಆದ್ವಿ. ಆಗಾದ್ರೆ ಕೂಲಿ ಎರಡು ಕಡೆಯಿಂದ ಕೊಡಬೇಕು ಕಣ್ಲಾ." ಇಡೀ ಕೇರಿ ನಕ್ಕಿತು. ನಕ್ಕು ಮುಗಿದ ಮೇಲೆ ಯಾರಿಗೂ ಕೆಲಸ ಇರಲಿಲ್ಲ.

ಇದು ನಿನ್ನ 'ಸಡಿಲ ನಾಲಿಗೆ' ಮಾಡಿದ ಕೆಲಸ. ಮೊದಲು ಓಟು ಹಾಕದವನಿಗೆ ಒಂದು ಹೆಸರು. ಆಮೇಲೆ ಆ ಹೆಸರಿಗೆ ತಕ್ಕ ಶಿಕ್ಷೆ. ಹುಳಕ್ಕೆ ಬಾವಿ ಕೊಡಲಿಲ್ಲ ಅಂತ ಯಾವ ಕೋರ್ಟಿನಲ್ಲಿ ದೂರು ಕೊಡುತ್ತೀಯ? ಅದಕ್ಕಾಗಿಯೇ ಆ ಹೆಸರು ಬೇಕಿತ್ತು ಅವರಿಗೆ.

ಇನ್ನೊಂದು ಸುದ್ದಿ. ಸೋತ ಪಂಚಾಕ್ಷರಯ್ಯನವರು ಕಾರಿನಲ್ಲಿ ಬಂದಿದ್ದರು. "ಅವ್ರು ಹುಳ ಅಂದ್ರೆ ನೀವು ಜಿಗಣೆ ಅನ್ರಿ. ಮೇಲಿನ ಬೀದಿಯೋರೆಲ್ಲ ಜಿಗಣೆಗಳೇ ಅಲ್ವೇನ್ರಿ? ಸಭೆ ಮಾಡಿ, ಮೈಕು ನಾನು ಕಳಿಸ್ತೀನಿ," ಅಂದರು. ಅವರ ಮನೆಯೂ ಮೇಲಿನ ಬೀದಿಯದೇ, ಬೇರೆ ಊರಿನದು ಅಷ್ಟೆ. ನನಗೆ ಆ ಮನುಷ್ಯ ಹಿಡಿಸಲಿಲ್ಲ. ಆ ಮಾತು ಹಿಡಿಸಿತು. ಇಪ್ಪತ್ತೆರಡನೇ ತಾರೀಖು ಅರಳಿಕಟ್ಟೆಯಲ್ಲಿ ಸಭೆ. ಮಾತಾಡುವವನು ನಾನು.

ಕೆಂಚಯ್ಯ


ಹಾಸನ
೪ ಫೆಬ್ರವರಿ ೧೯೬೧

ಕೆಂಚ,

ಹೊಳೆನರಸೀಪುರದಲ್ಲಿ ಒಂದು ಕೇಸು ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಇಬ್ಬರು. "ಹುಣಸೆಕಟ್ಟೆ ಮೇಲಿನ ಬೀದಿಯೋರೆಲ್ಲ ಜಿಗಣೆಗಳಂತೆ ಕಣ್ಲಾ. ಉಪ್ಪು ಹಾಕಿ ಉದುರಿಸ್ಬೇಕಂತೆ. ಕೆಂಚಯ್ಯ ಅನ್ನೋನು ಮೈಕಲ್ಲೇ ಅಂದ್ಬುಟ್ನಂತೆ." ಸಂತೆಯ ಮಾತು ಚದುರುವುದಿಲ್ಲ ಅಂತ ನನಗೆ ಪಾಠ ಹೇಳಿದವನು ನೀನು.

ನಮ್ಮಮ್ಮ ರೇವಮ್ಮ ಅದೇ ಬೀದಿಯಲ್ಲಿದ್ದಾಳೆ. ನಿನ್ನ ಸಭೆಯ ಸಂಜೆ ಹೊಲದಿಂದ ಬರುತ್ತಾ ನಿಮ್ಮ ಕೇರಿಯ ಬಾಯಿಯಲ್ಲಿ ನಿಂತು ಕೇಳಿಸಿಕೊಂಡಳಂತೆ. ಏನಂದಳು ಅಂತ ಊರಿನಿಂದ ನನ್ನ ಅಕ್ಕ ಬರೆದ ಕಾಗದದಲ್ಲಿ ಇಲ್ಲ. ಮನೆಗೆ ಬಂದು ಊಟ ಮಾಡಲಿಲ್ಲ ಅಂತ ಇದೆ.

ಇರಲಿ. ಜಗಳ ಮುಂದುವರಿಸಲು ನಾನು ಬರೆಯುತ್ತಿಲ್ಲ. ಒಂದು ದಾರಿ ಕಂಡಿದೆ, ನಿನ್ನಲ್ಲೇ ಇರಲಿ. ಎಣಿಕೆಯ ಕೋಣೆಯಲ್ಲಿ ಮಾವನ ಏಜೆಂಟಾಗಿ ಕೂತಿದ್ದವನು ನಾನು. ನಮ್ಮ ಊರಿನ ಶಾಲೆಯಲ್ಲಿ ಓಟಿಗೆ ಎರಡು ಕೋಣೆ. ಎರಡನೆಯದರ ಬಾಗಿಲು ಕೇರಿಯ ಕಡೆಗಿದೆ. ಆ ಬಾಗಿಲು ನೋಡಿ ಜನ ಅದನ್ನು ಕೇರಿ ಪೆಟ್ಟಿಗೆ ಅಂದರು. ಬಾಗೂರಿನ ನಮ್ಮ ಮಾವ ಅದನ್ನೇ ನಂಬಿದರು. ಆದರೆ ಅದು ಹೆಂಗಸರ ಕೋಣೆ, ಎಲ್ಲ ಬೀದಿಯ ಹೆಂಗಸರದು. ಗಂಡಸರೆಲ್ಲ, ನಿಮ್ಮವರೂ ನಮ್ಮವರೂ, ಮೊದಲ ಕೋಣೆಯಲ್ಲಿ ಹಾಕಿದ್ದು. ಆ ಪೆಟ್ಟಿಗೆ ಮಾವನ ಪರವಾಗಿಯೇ ಬಂತು. ಎರಡನೆಯದು ಅಷ್ಟು ಬಲವಾಗಿ ತಿರುಗಿ ಬೀಳಬೇಕಾದರೆ ನಿಮ್ಮ ಕೇರಿಯ ಹೆಂಗಸರು ಮಾತ್ರ ಸಾಲುವುದಿಲ್ಲ. ನಮ್ಮ ಬೀದಿಯ ಅಡಿಗೆಮನೆಗಳೂ ಸೇರಿವೆ.

ಇದನ್ನು ಮಾವನಿಗೆ ಮೆಲ್ಲಗೆ ಹೇಳುತ್ತೇನೆ. ಕೇರಿಯವರ ಮೇಲಿನ ಅನುಮಾನ ಹೋಗುತ್ತದೆ, ಹಾರೆ ವಾಪಸ್ ಬರುತ್ತದೆ. ನೀನು 'ಹೂಂ' ಅನ್ನು, ಸಾಕು.

ಪಾಲಾಕ್ಷ


ಹುಣಸೆಕಟ್ಟೆ
೧೪ ಫೆಬ್ರವರಿ ೧೯೬೧

ಪಾಲಾಕ್ಷ,

'ಹೂಂ' ಅನ್ನುವುದಿಲ್ಲ.

ಎರಡನೇ ಕೋಣೆ ಹೆಂಗಸರದು ಅಂತ ನನಗೆ ಓಟಿನ ದಿನದಿಂದ ಗೊತ್ತು. ಕೇರಿಗೆಲ್ಲ ಗೊತ್ತು. ನಿಮ್ಮ ಬೀದಿಯ ಗಂಡಸರಿಗೂ ಗೊತ್ತು, ತಮ್ಮ ಹೆಂಡಿರು ಯಾವ ಬಾಗಿಲಿನಿಂದ ಒಳಗೆ ಹೋದರು ಅನ್ನುವುದು ಅವರಿಗೆ ಕಾಣದೆ ಇರುತ್ತದೆಯೇ? ಮನೆಯಾಕೆಯನ್ನು ಕೇಳುವ ಧೈರ್ಯವಿಲ್ಲ. ಕೇರಿ ಪೆಟ್ಟಿಗೆ ಅಂದುಬಿಟ್ಟರೆ ರಾತ್ರಿ ನಿದ್ದೆ ಬರುತ್ತದೆ. ನಾವು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಕೊಕ್ಕೆ ನಮ್ಮ ಕುತ್ತಿಗೆಯಿಂದ ಜಾರಿ ನಿಮ್ಮ ಬೀದಿಯ ಹೆಂಗಸರ ಕುತ್ತಿಗೆಗೆ ಬೀಳುತ್ತಿತ್ತು. ಹುಳ ಯಾರು ಅಂತ ಹುಡುಕಿಕೊಡುವ ಕೆಲಸ ನಮ್ಮದಲ್ಲ. ಓಟು ಹಾಕಿದವರನ್ನು ಹುಳ ಅನ್ನಬಹುದೇ ಅನ್ನುವುದು ನಮ್ಮ ಪ್ರಶ್ನೆ.

ಇನ್ನೂ ಬಿಡಿಸಿ ಹೇಳುತ್ತೇನೆ, ವಕೀಲನಿಗೆ ಅರ್ಥವಾಗುವ ಹಾಗೆ. ನಾವು ರುದ್ರಯ್ಯನವರಿಗೆ ಓಟು ಹಾಕಿದ್ದೆವು ಅಂತ ರುಜುವಾತು ಮಾಡಿ ಬಾವಿ ಪಡೆದರೆ ಅದು ಬಕ್ಷೀಸು. ನಾವು ಅವರ ವಿರುದ್ಧವೇ ಹಾಕಿದ್ದೆವು ಅಂತಿಟ್ಟುಕೋ, ಒಂದು ಓಟೂ ಬಿಡದೆ. ಆಗಲೂ ಬಾವಿ ನಮ್ಮದು. ಬೋರ್ಡಿನ ಹಣ ಗೆದ್ದವನ ಹಿತ್ತಿಲಲ್ಲಿ ಬೆಳೆದದ್ದಲ್ಲ.

ಇನ್ನು ಜಿಗಣೆ. ಅಂದೆ, ಹೌದು. ಚಪ್ಪಾಳೆ ಬಿತ್ತು. ನಿನ್ನ ಮಾವನಿಗೆ ಆ ದಿನ ಮೈದಾನದಲ್ಲಿ ಹೇಗನಿಸಿರಬೇಕು ಅಂತ ನನಗೆ ಆಗ ತಿಳಿಯಿತು. ಒಳ್ಳೆಯ ಮಾತು ಹತ್ತು ಆಡಿದರೂ ಸಿಗದ ಚಪ್ಪಾಳೆ ಒಂದು ಬೈಗುಳಕ್ಕೆ ಸಿಗುತ್ತದೆ. ನಾನು ಇನ್ನೊಂದಿಷ್ಟು ಎಳೆಯುತ್ತಿದ್ದೆ. ಹೆಂಗಸರ ಸಾಲಿನಿಂದ ಅವ್ವ ಎದ್ದಳು. ಅವಳಿಗೆ ಮೈಕು ಬೇಕಿಲ್ಲ.

"ಲೇ ಕೆಂಚ, ರೇವಮ್ಮನೂ ಜಿಗಣೆಯೇನ್ಲಾ?"

"ಅವ್ವಾ, ಒಬ್ಬೊಬ್ರ ಮಾತಲ್ಲ ಇದು," ಅಂದೆ.

"ಅಂಗಂದ್ರೆ ಯಾರ ಮಾತು? ಬೀದಿ ಅಂದ್ರೆ ಕಲ್ಲು ಮಣ್ಣೇನ್ಲಾ? ರೇವಮ್ಮ ಇವತ್ತಿಗೂ ನಂಗೆ ಮ್ಯಾಲಿಂದ ಎತ್ತಿ ನೀರು ಉಯ್ಯುತಾಳೆ, ಚೆಂಬು ತಾಗಬಾರ್ದು ಅಂತವ. ನಂಗೆ ಅವಳತ್ರ ಜಗ್ಳ ಐತೆ. ಇವತ್ತಲ್ಲ ನಾಳೆ ಆಡೇ ಆಡ್ತೀನಿ. ಜಿಗಣೆ ಅಂದ್ಬುಟ್ರೆ ಉಪ್ಪು ಆಕ್ಬೇಕು ಅಷ್ಟೇಯ, ಜಗ್ಳ ಯಾರತ್ರ ಆಡಾನ? ಮನ್ಸರಾದ್ರೆ ಜಗ್ಳ ಆಡಬೌದು, ಗೆಲ್ಲಬೌದು. ನಂಗೆ ಜಗ್ಳ ಬೇಕು ಕಣ್ಲಾ, ಉಪ್ಪು ಬ್ಯಾಡ."

ಪಂಚಾಕ್ಷರಯ್ಯನವರ ಮೈಕಿನವನು "ಆಫ್ ಮಾಡ್ಲಾ ಸಾ?" ಅಂದ. ಮಾಡು ಅಂದೆ. ಉಳಿದ ಸಭೆ ಬಾಯಲ್ಲೇ ನಡೆಯಿತು. ಬೇಡಿಕೆ ಎರಡೇ ಉಳಿದವು, ಮೊದಲ ಕಾಗದದಲ್ಲಿ ಬರೆದವು.

ರೇವಮ್ಮನವರು ಕೇರಿಯ ಬಾಯಿಯಲ್ಲಿ ನಿಂತಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅನ್ನುತ್ತಿರಲಿಲ್ಲ ಅಂತ ಬರೆದರೆ ಅದು ಇನ್ನೂ ಹೊಲಸು.

ಕೆಂಚಯ್ಯ


ಹಾಸನ
೨೬ ಮಾರ್ಚ್ ೧೯೬೧

ಕೆಂಚ,

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಬೇಕು ಅಂತ ತಿಳಿಯಲಿಲ್ಲ. ಮಾವನಿಗೆ ನಾನು ಏನೂ ಹೇಳಲಿಲ್ಲ, ನೀನು ಹೇಳಿದ ಹಾಗೆ.

ಯುಗಾದಿಗೆ ಊರಿಗೆ ಬಂದಿದ್ದೆ. ನಿನ್ನನ್ನು ಕಾಣಲು ಕೇರಿಗೆ ಬರಲಿಲ್ಲ, ಅದನ್ನೂ ನೀನು ಲೆಕ್ಕಕ್ಕೆ ಹಿಡಿದಿರುತ್ತೀಯ. ಮಾವ ಬಾಗೂರಿನಿಂದ ತಮ್ಮ ಅಕ್ಕನ, ಅಂದರೆ ನಮ್ಮಮ್ಮನ, ಮನೆಯ ಹೋಳಿಗೆಗೆ ಬಂದಿದ್ದರು. ಎಲೆಯ ಮುಂದೆ ನಾವಿಬ್ಬರೇ. ಅಮ್ಮ ಬಡಿಸುತ್ತಾ, ತುಪ್ಪದ ಗಿಂಡಿ ಕೈಯಲ್ಲಿ ಹಿಡಿದುಕೊಂಡೇ, ಶುರು ಮಾಡಿದಳು.

"ತಮ್ಮಯ್ಯಾ, ಆ ಎರಡನೇ ಕೋಣೇಲಿ ನಾನೂ ಹಾಕ್ದೆ ಕಣಪ್ಪ."

ಮಾವ ನಕ್ಕರು. "ನೀನು ನಂಗೇ ಹಾಕಿರ್ತೀಯ ಬಿಡಕ್ಕ."

"ಕೇಳು ಮತ್ತೆ."

"ಏನ್ ಕೇಳೋದು?"

"ಯಾರಿಗಾಕ್ದೆ ಅಂತ ಕೇಳು. ಅಷ್ಟು ದೊಡ್ಡ ಮೈದಾನದಲ್ಲಿ ಊರಿಗೂರೇ ಸೇರಿಸ್ಕೊಂಡು ಕೇಳೋನಿಗೆ ಅಕ್ಕನ ಅಡಿಗೆ ಮನೇಲಿ ಬಾಯಿ ಬರಾಕಿಲ್ವಾ?"

ಮಾವ ಕೇಳಲಿಲ್ಲ. ಹೋಳಿಗೆಯ ಅಂಚು ಮುರಿಯುತ್ತಾ ಕೂತರು. ಅಮ್ಮ ತುಪ್ಪ ಹಾಕಿದಳು, ಯಾವತ್ತಿಗಿಂತ ಒಂದು ಹುಟ್ಟು ಜಾಸ್ತಿಯೇ ಹಾಕಿದಳು.

"ಕೇಳಿದ್ರೂ ಹೇಳಾಕಿಲ್ಲ. ಹೇಳೋ ಹಂಗಿದ್ರೆ ಪೆಟ್ಟಿಗೆಗೆ ಬೀಗ ಯಾಕೆ? ಆದ್ರೆ ಒಂದು ತಿಳ್ಕೊ. ನಂಗೆ ಹುಳ ಅಂದ್ರೆ ನೀನು ಹುಳದ ತಮ್ಮ."

ಮಾವ ಪೂರ್ತಿ ಊಟ ಮಾಡಿ, ಕೈ ತೊಳೆದು, ಎಲೆಯಡಿಕೆ ಹಾಕದೆ ಹೊರಟರು. ನಾನು ಬಾಗಿಲವರೆಗೆ ಹೋದೆ. "ಅರಕಲಗೂಡು ಕಡೆಯ ಬಾವಿ ತೋಡೋರಿಗೆ ಹೇಳಿ ಕಳಿಸು," ಅಂದರು.

ಅಮ್ಮನನ್ನು ಆಮೇಲೆ ಕೇಳಿದೆ, "ನೀನು ನಿಜವಾಗಿ ಯಾರಿಗೆ ಹಾಕಿದೆ?" "ಮಗಾ, ನೀನೂ ಶುರು ಮಾಡ್ದಾ?" ಅಂದಳು.

ಆಳುಗಳು ಮುಂದಿನ ವಾರ ಬರುತ್ತಾರೆ. ದಯವಿಟ್ಟು ಅವರನ್ನು ತಡೆಯಬೇಡ.

ಪಾಲಾಕ್ಷ


ಹುಣಸೆಕಟ್ಟೆ
೨೩ ಏಪ್ರಿಲ್ ೧೯೬೧

ಪಾಲಾಕ್ಷ,

ತಡೆದೆ. ಯಾಕೆ ತಡೆಯಬಾರದು? ಮಾತು ವಾಪಸ್ ಬಂದಿರಲಿಲ್ಲ. ಹಾರೆ ಮಾತ್ರ ಕಳ್ಳನ ಹಾಗೆ ಹಿಂಬಾಗಿಲಿನಿಂದ ಬಂದಿತ್ತು. ಗುಂಡಿಯ ದಡದಲ್ಲಿ ನಿಂತು, "ಆಡಿದ್ದನ್ನ ಹಿಂದಕ್ಕೆ ತಗೊಳ್ಳೋವರ್ಗೂ ಒಂದು ಪುಟ್ಟಿ ಮಣ್ಣೂ ಎತ್ತಂಗಿಲ್ಲ," ಅಂದೆ. ಅರಕಲಗೂಡು ಕಡೆಯವರು ಬೀಡಿ ಹಚ್ಚಿ ನೆರಳಿಗೆ ಕೂತರು. ಅವರಿಗೇನು?

ಅಷ್ಟರಲ್ಲಿ ಹೆಂಗಸರು ಕೆರೆಯಿಂದ ಬಂದರು. ನಿನಗೆ ಗೊತ್ತಿರಲಿ, ಬತ್ತಿದ ಕೆರೆಯ ಅಂಗಳದಲ್ಲಿ ವರತೆ ತೋಡಿ, ಒಸರುವ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸುತ್ತಿದ್ದರು. ನಸುಕಿಗೆ ಹೋದವರು ಬಿಸಿಲೇರಿದ ಮೇಲೆ ಬರುತ್ತಿದ್ದರು. ಮಾರಮ್ಮ ತಲೆಯ ಮೇಲಿನ ಕೊಡ ಇಳಿಸದೆಯೇ ಅಂದಳು, "ನೀನು ನೀರು ಒರಾಕಿಲ್ಲ. ಅದ್ಕೇ ನಿಂಗೆ ಅಷ್ಟು ರೋಸ."

"ಮಾರಮ್ಮಕ್ಕ, ಇದು ಮರ್ಯಾದೆ ಪ್ರಶ್ನೆ," ಅಂದೆ.

"ಮರ್ಯಾದೆ ನಂದೂ ಓಯ್ತು ಕಣಪ್ಪ. ಕುತ್ತಿಗೆ ನಂದೊಬ್ಳದೇ ಓಯ್ತಾ ಐತೆ."

ಅವ್ವ ತೀರ್ಮಾನ ಹೇಳಿದಳು. "ಬಾವಿ ನಮ್ದು, ಮಾತೂ ನಮ್ಗೆ ಬರಬೇಕಾದ್ದು. ಒಂದ ತಗಂಡ್ರೆ ಇನ್ನೊಂದ ಬಿಟ್ಟಂಗೆ ಅಂತ ಯಾರಂದ್ರು? ತೋಡ್ಸು. ಕೇಳಾದ ಬಿಡಬ್ಯಾಡ." ನಾನು ದಡ ಬಿಟ್ಟೆ. ಹೋರಾಟ ಮಾಡುವವನಿಗೆ ದಡ ಹತ್ತುವುದು ಬೇಗ ಬರುತ್ತದೆ, ಇಳಿಯುವುದನ್ನು ಕಲಿಯಬೇಕು.

ಮೊನ್ನೆ ನೀರು ಬಂತು. ಬಂಡೆಯ ಸಂದಿನಿಂದ, ತಣ್ಣಗೆ, ಸಿಹಿಯಾಗಿ. ಯಾರಿಗೂ ಕಾಯಲಿಲ್ಲ. ಅವತ್ತೇ ಹೆಂಗಸರು ಗಂಗೆಗೆ ಅರಿಸಿನ ಕುಂಕುಮ ಹಾಕಿ, ಕಾಯಿ ಒಡೆದು, ಸೇದಿ ಕುಡಿದರು. ಕಲ್ಲು ಕಟ್ಟುವ ಕೆಲಸ ನಡೆದಿದೆ. ಮಲ್ಲಿಗಮ್ಮನ ಮಗಳು ಈಗ ಶಾಲೆಗೆ ಹೋಗುತ್ತಿದೆ, ನಮ್ಮ ಕೇರಿಯ ಮಕ್ಕಳೆಲ್ಲ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಾರೆ. ಚಂದ್ರಶೇಖರಯ್ಯನವರು ಮಾತ್ರ ಇನ್ನೂ ಕರೆದಿಲ್ಲ. ಮಾತು ಅವರ ಜಗುಲಿಯಲ್ಲಿ ಇನ್ನೂ ಕೂತಿದೆ. ಅದನ್ನು ಅಲ್ಲಿಂದ ಎಬ್ಬಿಸಬೇಕಾದವರು ಕೂರಿಸಿದವರೇ.

ಈಗ ನಿನ್ನ ಮಾವನವರು ಹೇಳಿ ಕಳಿಸಿದ್ದಾರೆ. ಕಟ್ಟಡ ಮುಗಿದ ದಿನ ಕೇರಿಗೆ ಬರುತ್ತಾರಂತೆ. ಚನ್ನರಾಯಪಟ್ಟಣದಿಂದ ಫೋಟೋದವರನ್ನು ಕರೆತರುತ್ತಾರಂತೆ. ನಮ್ಮ ಬಾವಿಯ ನೀರನ್ನು ನಮ್ಮ ಕೈಯಿಂದಲೇ ಇಸಿದುಕೊಂಡು ಕುಡಿದು, ಪಟ ತೆಗೆಸಿಕೊಂಡು, ಭೇದವಿಲ್ಲ ಅಂತ ತೋರಿಸುತ್ತಾರಂತೆ.

ನಾನು ಹೆಂಗಸರನ್ನು ಕೇಳಿದೆ, ಸೇದುವವರು ಅವರು. ಅವ್ವ ಅಂದಳು, "ಬಾಯಾರಿ ಬಂದೋರ್ಗೆ ಯಾವತ್ತೂ ಇಲ್ಲ ಅನ್ನಾಕಿಲ್ಲ. ಪಟ ತಗಸ್ಕಳಾಕೆ ಬರೋರ್ಗೆ ಮಾತು ಮೊದ್ಲು, ನೀರು ಆಮ್ಯಾಕೆ."

ಅದೇ ನಮ್ಮ ಉತ್ತರ. ತಲುಪಿಸು.

ಕೆಂಚಯ್ಯ


ಹಾಸನ
೪ ಮೇ ೧೯೬೧

ಕೆಂಚ,

ತಲುಪಿಸಿದೆ. ಅರ್ಧ ಗಂಟೆ ಬೈದರು. ನಿನ್ನನ್ನು, ನನ್ನನ್ನು, ಫೋಟೋದವನನ್ನು. ಅಮ್ಮನ ಹೆಸರು ಮಾತ್ರ ಎತ್ತಲಿಲ್ಲ. ಬೈದು ಸುಸ್ತಾದ ಮೇಲೆ, "ಏನಂತ ಹೇಳ್ಬೇಕಂತೆ ನಾನು?" ಅಂತ ಕೇಳಿದರು. ಕೇಳಿದರು ಅನ್ನುವುದೇ ದೊಡ್ಡದು.

ಅವರದು ಒಂದೇ ಮಾತು. ಹೇಳುವುದಿದ್ದರೆ ನಿಮ್ಮ ಕೇರಿಯಲ್ಲಿ, ಬಾವಿಯ ಹತ್ತಿರ, ನಿಮ್ಮವರ ಮುಂದೆ ಹೇಳುತ್ತಾರೆ. ಬಾಗೂರು ಮೈದಾನ ಬೇಡ ಅನ್ನುತ್ತಾರೆ. ಅಲ್ಲಿ ಹೇಳಿದರೆ ಪಂಚಾಕ್ಷರಯ್ಯನವರ ಕಡೆಯವರು ಮುಂದಿನ ಚುನಾವಣೆಯವರೆಗೂ ಆಡಿಕೊಂಡು ತಿರುಗುತ್ತಾರೆ.

ಇನ್ನೊಂದು. ಈ ಸಲ ಭಾಷಣ ನಾನು ಬರೆಯುವುದಿಲ್ಲ ಅಂದೆ. "ಹಾಗಾದ್ರೆ ಆ ಕೆಂಚಯ್ಯನೇ ಬರೆದುಕೊಡಲಿ," ಅಂದರು. ವ್ಯಂಗ್ಯಕ್ಕೋ ನಿಜಕ್ಕೋ ಗೊತ್ತಾಗಲಿಲ್ಲ. ನಾನು ನಿಜ ಅಂತಲೇ ಇಟ್ಟುಕೊಂಡು ನಿನಗೆ ಬರೆಯುತ್ತಿದ್ದೇನೆ.

ಪಾಲಾಕ್ಷ


ಹುಣಸೆಕಟ್ಟೆ
೧೨ ಮೇ ೧೯೬೧

ಪಾಲಾಕ್ಷ,

ಮೊದಲು ಜಾಗದ ಮಾತು. ಇಡೀ ಹೋಬಳಿಯ ಮುಂದೆ ಆಡಿದ್ದನ್ನು ಒಂದು ಕೇರಿಯ ಮುಂದೆ ಹಿಂದಕ್ಕೆ ತೆಗೆದುಕೊಂಡರೆ, ಕೇರಿಗೆ ಮಾತ್ರ ತಿಳಿಯುತ್ತದೆ. ನಮಗೆ ಮೊದಲೇ ಗೊತ್ತು ನಾವು ಹುಳಗಳಲ್ಲ ಅಂತ. ಗೊತ್ತಾಗಬೇಕಾದದ್ದು ಅಂದು ನಕ್ಕವರಿಗೆ, ಚಂದ್ರಶೇಖರಯ್ಯನವರ ಜಗುಲಿಗೆ, ಬೆರಳು ಬಗ್ಗಿಸುವ ಮಕ್ಕಳಿಗೆ. ಬಾಗೂರು ಮೈದಾನವೇ ಆಗಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಪಂಚಾಕ್ಷರಯ್ಯನವರು ಆಡಿಕೊಳ್ಳುತ್ತಾರೆ ಅನ್ನುವ ಭಯಕ್ಕೆ ಮದ್ದು ನನ್ನಲ್ಲಿದೆ. ಅವತ್ತು ಮೈದಾನದಲ್ಲಿ ಮೊದಲು ಮಾತಾಡುವವನು ನಾನು. ಮೇಲಿನ ಬೀದಿಯವರನ್ನು ಜಿಗಣೆ ಅಂದದ್ದು ತಪ್ಪು, ಆ ಮಾತು ವಾಪಸ್, ಅಂತ ಹೇಳಿ ಇಳಿಯುತ್ತೇನೆ. ಅದನ್ನು ಯಾರು ಹೇಳಿಕೊಟ್ಟರು ಅನ್ನುವುದನ್ನೂ ಹೇಳುತ್ತೇನೆ. ಹೇಳಿಕೊಟ್ಟವರ ಮೈಕಿಗೆ ಮತ್ತೆ ನಮ್ಮ ಹೋಬಳಿಯಲ್ಲಿ ಕೆಲಸ ಸಿಗುವುದು ಕಷ್ಟ. ಇಳಿದ ಮೇಲೂ ನಾವು ನಿಮ್ಮ ಬೀದಿಯ ಜೊತೆ ಜಗಳ ಆಡುತ್ತೇವೆ, ಕೂಲಿಗಾಗಿ, ದೇವಸ್ಥಾನದ ಬಾಗಿಲಿಗಾಗಿ, ಎತ್ತರದಿಂದ ಹುಯ್ಯುವ ನೀರಿಗಾಗಿ. ಯಾವುದನ್ನೂ ಬಿಟ್ಟುಕೊಟ್ಟಿಲ್ಲ. ಮನುಷ್ಯರ ಜೊತೆ ಆಡುವ ಜಗಳ ಅದು.

ಇನ್ನು ಭಾಷಣ. ನಾನು ಬರೆದುಕೊಡುವುದಿಲ್ಲ. ನನ್ನ ಬಾಯಿಯ ಮಾತು ಅವರ ಬಾಯಲ್ಲಿ ಬಂದರೆ ಯಾರೂ ನಂಬುವುದಿಲ್ಲ. ಆದರೆ ಏನು ಬೇಡ, ಏನು ಬೇಕು ಅನ್ನುವುದನ್ನು ಹೇಳುತ್ತೇನೆ. ಕಣ್ಣೀರು ಬೇಡ. 'ನನಗೆ ಹಾಕಿದವರೂ ನನ್ನ ಮಕ್ಕಳು, ಹಾಕದವರೂ ನನ್ನ ಮಕ್ಕಳು' ಅನ್ನುವ ಬೆಲ್ಲದ ಮಾತು ಖಂಡಿತ ಬೇಡ. ನಾವು ಯಾರ ಮಕ್ಕಳೂ ಅಲ್ಲ, ಓಟುದಾರರು. ನನಗೆ ಓಟು ಹಾಕದವರು ತಮ್ಮ ಹಕ್ಕು ನಡೆಸಿದರು ಅನ್ನಲಿ. ಅವರನ್ನು ಹುಳ ಅಂದದ್ದು ತಪ್ಪು ಅನ್ನಲಿ, 'ಯಾರಿಗಾದರೂ ನೋವಾಗಿದ್ದರೆ' ಅಂತ ಸುತ್ತಿ ಬಳಸದೆ. ಅವರ ಕೆಲಸ ಮಾಡುವುದೂ ನನ್ನ ಕೆಲಸ ಅನ್ನಲಿ. ಕೊನೆಗೆ ಇದೊಂದು ಹೇಳಲೇಬೇಕು: ಮುಂದಿನ ಸಲವೂ ಅವರು ನನ್ನ ವಿರುದ್ಧ ಹಾಕಬಹುದು, ಆಗಲೂ ಅವರ ಬಾವಿ ಅವರದೇ. ಈ ಸಾಲು ನುಂಗಿಕೊಂಡರೆ ಉಳಿದದ್ದೆಲ್ಲ ನೀರಿನ ಮೇಲಿನ ಬರಹ.

ಎರಡನೇ ಪೆಟ್ಟಿಗೆಯ ವಿಚಾರ ವೇದಿಕೆಯ ಮೇಲೆ ಯಾರೂ ಎತ್ತುವ ಹಾಗಿಲ್ಲ, ನೀನೂ, ನಾನೂ, ಅವರೂ. ಎತ್ತಿದವರನ್ನು ಕೈ ಹಿಡಿದು ಕೆಳಗಿಳಿಸಲು ಅವ್ವ, ಮಾರಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರ ಪಕ್ಕದ ಜಾಗವನ್ನು ರೇವಮ್ಮನವರಿಗೆ ಬಿಟ್ಟಿರುತ್ತೇವೆ. ಬರುವುದು ಬಿಡುವುದು ಅವರ ಇಷ್ಟ. ಅವ್ವನಂತೂ ಜಗಳಕ್ಕೆ ತಯಾರಾಗಿಯೇ ಬರುತ್ತಾಳೆ.

ರುದ್ರಯ್ಯನವರು ಬಂದು ಆಡಿದರೆ ಅಲ್ಲಿಂದ ನೇರ ಕೇರಿಗೆ ನಡೆಯೋಣ, ಬಾವಿಯಿಂದ ಅವರಿಗೆ ಅವ್ವನೇ ಸೇದಿ ಕೊಡುತ್ತಾಳೆ, ಫೋಟೋದವನು ಎಷ್ಟು ಬೇಕಾದರೂ ತೆಗೆದುಕೊಳ್ಳಲಿ. ಬಾರದಿದ್ದರೆ ನಾನು ನನ್ನ ಮಾತು ಮುಗಿಸಿ ಇಳಿಯುತ್ತೇನೆ. ಮೈಕು ಹಾಕಿಯೇ ಇರುತ್ತದೆ, ಅದರ ಮುಂದೆ ಯಾರೂ ಇರುವುದಿಲ್ಲ. ಜನ ನೋಡಲಿ. ಮಧ್ಯಾಹ್ನದವರೆಗೆ ಕಾಯುತ್ತೇವೆ, ಆಮೇಲೆ ಮುಂದಿನ ತಿಂಗಳಿಗೆ ಮತ್ತೆ ಕರೆಯುತ್ತೇವೆ. ನಮಗೆ ಈಗ ಕುಡಿಯಲು ನೀರಿದೆ, ಆತುರವಿಲ್ಲ.

ನೀನು ಈ ಸಲ ಯಾವ ಕುರ್ಚಿಯಲ್ಲಿ ಕೂರುತ್ತೀಯ ಅಂತ ನಾನು ಕೇಳುವುದಿಲ್ಲ. ಊಟ ಕೇರಿಯಲ್ಲಿ, ನಿನಗೂ ಸೇರಿಸಿ ಅಕ್ಕಿ ಹಾಕುತ್ತಾಳೆ ಅವ್ವ.

ಸಭೆ: ಮೇ ಇಪ್ಪತ್ತೆರಡು, ಸೋಮವಾರ, ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ, ಬಾಗೂರು ಸಂತೆ ಮೈದಾನ.

ಕೆಂಚ